ಪೊಟ್ಟಣದ ಉಪ್ಪು

"ಏಪ್ರನ್ ಮೇಲೆ ಸಿಡಿಸ್ಕೋಬೇಡ ಕಣೇ, ಎಳನೀರಿನ ಕಲೆ ಏನು ಮಾಡಿದ್ರೂ ಹೋಗಲ್ಲ," ಎಂದು ವನಜಾಕ್ಷಿ ಮೇಡಂ ಲ್ಯಾಬಿನ ಕಿಟಕಿಯಿಂದ ಕೂಗಿದರು. ಅಷ್ಟರಲ್ಲಿ ಮಧುಶ್ರೀ ಎಡಗೈಯಲ್ಲಿ ಕಾಯಿ ತಿರುಗಿಸುತ್ತ ಮಚ್ಚು ಎತ್ತಿಯಾಗಿತ್ತು. ಸಿಪ್ಪೆಯ ಚೂರು ಹಾರಿ ಕಟ್ಟೆಯ ಕೆಳಗೆ ಬಿತ್ತು. ಏಪ್ರನ್ನಿಗೆ ಒಂದು ಹನಿಯೂ ತಾಗಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನ ಊರಿನಿಂದ ಬರುವ ಪರೀಕ್ಷಕರಿಗೆ ಎಳನೀರು ಕೊಡುವ ಪದ್ಧತಿಯನ್ನು ಆ ಕಾಲೇಜಿನಲ್ಲಿ ಯಾವ ಪುಣ್ಯಾತ್ಮ ಶುರುಮಾಡಿದನೋ ಯಾರಿಗೂ ಗೊತ್ತಿರಲಿಲ್ಲ. ತಿಪಟೂರಿಗೆ ಬಂದು ಎಳನೀರು ಕುಡಿಯದೆ ಹೋದರೆ ಕಾಲೇಜಿನ ಮಾನ ಹೋಗುತ್ತದೆ ಎಂದು ಎಲ್ಲರೂ ನಂಬಿದ್ದರು. ತೋಟವಿರುವ ಮನೆಯ ಮಕ್ಕಳು ಸರದಿಯ ಮೇಲೆ ಗೊನೆ ತರಬೇಕು. ತರುವುದಕ್ಕೇನೋ ಜನವಿತ್ತು, ಕೊಚ್ಚುವುದಕ್ಕೆ ಇರಲಿಲ್ಲ. ಈಗಿನ ಹುಡುಗರು ಮಚ್ಚು ಹಿಡಿದರೆ ಕಾಯಿಗಿಂತ ಮೊದಲು ಬೆರಳಿಗೇ ಅಪಾಯ. ಹಾಗಾಗಿ ಪರೀಕ್ಷೆಗೆ ಕೂರಲು ಬಂದ ಬಿಳಿಗೆರೆಯ ಮಧುಶ್ರೀಗೆ ಪರೀಕ್ಷೆಗೂ ಮುಂಚೆ ಈ ಕೆಲಸ ಗಂಟುಬಿದ್ದಿತ್ತು.

ಗೊನೆಯೂ ಅವಳ ಮನೆಯದೇ. ಅದನ್ನು ಕೆಡವುವಾಗ ಅಜ್ಜಿ ಓಬಮ್ಮ ತೋಟದ ತುದಿಯಲ್ಲಿ ನಿಂತು ಗೊಣಗಿದ್ದಳು. ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು ಉಂಡೆ ಕೊಬ್ಬರಿಯಾಗಬೇಕಾದ ಕಾಯಿಯನ್ನು ಎಳೆಯದರಲ್ಲೇ ಕೀಳುವುದು ಅವಳಿಗೆ ಸುತರಾಂ ಒಗ್ಗದ ಮಾತು.

"ಅದ್ಯಾವನವ್ವಾ ಅವ್ನು? ನಮ್ ಕಾಯಿ ಕುಡ್ದು ನಿನ್ನ ಪಾಸ್ ಮಾಡ್ತಾನಂತಾ?"

"ಪಾಸ್ ಮಾಡಕ್ಕಲ್ಲ ಕಣಜ್ಜಿ. ಮರ್ವಾದೆಗೆ."

"ಹೋದ ಸಲಾನೂ ಮರ್ವಾದೆ ಮಾಡಿದ್ರಲ್ಲ, ಏನಾಯ್ತು?"

ಹೋದ ಸಲ ಏನಾಯ್ತೆಂಬುದು ಮಧುಶ್ರೀಯನ್ನು ಹಗಲೂ ರಾತ್ರಿ ಕೊರೆಯುತ್ತಿದ್ದ ಸಂಗತಿ. ಬಿ.ಎಸ್ಸಿ.ಯ ಎಲ್ಲ ವಿಷಯಗಳೂ ಮುಗಿದಿದ್ದವು. ಉಳಿದದ್ದು ರಸಾಯನಶಾಸ್ತ್ರದ ಈ ಒಂದು ಪ್ರಾಕ್ಟಿಕಲ್ ಮಾತ್ರ. ಪೊಟ್ಟಣದಲ್ಲಿ ಯಾವುದೋ ಲವಣ ಕೊಡುತ್ತಾರೆ. ನೋಡಲು ಅಡುಗೆ ಉಪ್ಪಿನಂತೆಯೇ ಇರುತ್ತದೆ. ಅದರೊಳಗೆ ಇರುವುದು ಯಾವ ಲೋಹ, ಅದರ ಜೊತೆಗಾರ ಯಾರು, ಕ್ಲೋರೈಡೋ ಸಲ್ಫೇಟೋ ನೈಟ್ರೇಟೋ ಎಂಬುದನ್ನು ಒಂದೊಂದೇ ಪರೀಕ್ಷೆ ಮಾಡಿ ಹೇಳಬೇಕು. ಹೋದ ಸಲ ಅವಳು ಪೊಟ್ಟಣ ಬಿಚ್ಚಿ ಆಸಿಡ್ ಹಾಕಿದಾಗ ಹುಳಿ ವಿನಿಗರ್ ವಾಸನೆ ಮೂಗಿಗೆ ಹೊಡೆದಿತ್ತು. ಅದು ಅಸಿಟೇಟ್ ಎಂದು ಅವಳ ಮೂಗು ಹೇಳುತ್ತಿರುವಾಗಲೇ ಅಟೆಂಡರ್ ತಿಮ್ಮರಾಜು ನೀರಿನ ಬಾಟಲಿ ಇಡುವ ನೆಪದಲ್ಲಿ ಬಂದು, "ಸಲ್ಫೇಟು ಕಣವ್ವ," ಎಂದು ಪಿಸುಗುಟ್ಟಿದ್ದ.

ತಿಮ್ಮರಾಜು ಪಿಸುಗುಟ್ಟುವುದೂ ಆ ಕಾಲೇಜಿನ ಪದ್ಧತಿಯೇ. ಪೊಟ್ಟಣ ಕಟ್ಟುವವನು ಅವನು. ಯಾವ ನಂಬರಿನಲ್ಲಿ ಏನಿದೆ ಎಂಬುದು ಅವನಿಗೆ ಬಾಯಿಪಾಠ. ಯಾರಿಂದಲೂ ಏನನ್ನೂ ಬಯಸದೆ, ಮಕ್ಕಳು ಪಾಸಾಗಲಿ ಎಂಬ ಒಂದೇ ಮಮತೆಯಿಂದ ಎಲ್ಲರ ಕಿವಿಗೂ ಹಾಕಿ ಹೋಗುತ್ತಿದ್ದ. ಮಧುಶ್ರೀ ತನ್ನ ಮೂಗನ್ನು ಬಿಟ್ಟು ಅವನ ಮಾತನ್ನು ನಂಬಿ ಸಲ್ಫೇಟ್ ಎಂದು ಬರೆದಳು. ಬಾಯಿಮಾತಿನ ಪರೀಕ್ಷೆ ವೈವಾದಲ್ಲಿ ಯಾಕೆ ಸಲ್ಫೇಟ್ ಎಂದು ಕೇಳಿದರೆ ಬಾಯಿ ಬಿಡಲಾಗಲಿಲ್ಲ, ಫೇಲಾದಳು. ಆ ದಿನ ಪೊಟ್ಟಣಗಳು ಅದಲುಬದಲಾಗಿದ್ದವೆಂದು ತಿಮ್ಮರಾಜುವಿಗೆ ಸಂಜೆ ಗೊತ್ತಾಗಿ, ಪಾಪ, ಅವನು ಬಸ್‌ಸ್ಟ್ಯಾಂಡಿನ ತನಕ ಅವಳ ಹಿಂದೆ ಓಡಿಬಂದಿದ್ದ. ಅಷ್ಟರಲ್ಲಿ ಅಂಕಪಟ್ಟಿ ಕವರಿನೊಳಗೆ ಹೋಗಿ ಅರಗು ಬಿದ್ದಿತ್ತು.

ಈಗ ಅವಳು ಊರ ಹತ್ತಿರದ ಕಾಯಿಪುಡಿ ಕಾರ್ಖಾನೆಯಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುತ್ತಾಳೆ. ಅದೇ ಕಾರ್ಖಾನೆಯ ಮೇಲಿನ ಮಹಡಿಯಲ್ಲಿ ಗಾಜಿನ ಗೋಡೆಯ ಒಂದು ಲ್ಯಾಬಿದೆ. ಅಲ್ಲೊಂದು ಜಾಗ ಖಾಲಿಯಿತ್ತು. "ಡಿಗ್ರಿ ಕೈಗೆ ಬರ್ಲಿ, ಮೇಲೆ ಬಾ. ಈ ತಿಂಗಳು ದಾಟಿದ್ರೆ ಬೇರೆಯವ್ರನ್ನ ಹಾಕ್ಕಂತೀವಿ," ಎಂದಿದ್ದರು ಅಲ್ಲಿಯ ಮೇಲ್ವಿಚಾರಕರು. ಕೆಳಗೆ ಕೂತು ಕಾಯಿ ಹೆರೆಯುವಾಗ ಮಧುಶ್ರೀ ತಲೆಯೆತ್ತಿ ಆ ಗಾಜನ್ನು ನೋಡುತ್ತಿದ್ದಳು. ಆಸೆ ಆಗುತ್ತಿತ್ತು. ಈ ಸಲ ಯಾರ ಮಾತನ್ನೂ ಕೇಳುವುದಿಲ್ಲ, ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯುತ್ತೇನೆ ಎಂದು ಅವಳು ಗಟ್ಟಿ ಮನಸ್ಸು ಮಾಡಿಕೊಂಡೇ ಬಂದಿದ್ದಳು.

ಪರೀಕ್ಷಕರು ಹಾಸನದ ಕಡೆಯವರು, ಹೆಸರು ಸೂರ್ಯಪ್ರಕಾಶ್. ತೆಳ್ಳಗಿನ, ಇಸ್ತ್ರಿ ಮಾಡಿದ ಅಂಗಿಯ ಸಂಭಾವಿತ ಮನುಷ್ಯ. ಎಳನೀರಿನ ಬುರುಡೆ ಕಂಡದ್ದೇ ಹಿಂದೆ ಸರಿದರು.

"ಎತ್ತಿ ಕುಡಿಯೋಕೆ ನನಗೆ ಬರಲ್ಲ ಮೇಡಂ. ಅಂಗಿಯೆಲ್ಲ ನೆನೆದುಹೋಗುತ್ತೆ."

ಸ್ಟ್ರಾ ತರಿಸಿರಲಿಲ್ಲ. ಲೋಟಗಳು ಸ್ಟಾಫ್ ರೂಮಿನ ಬೀರುವಿನಲ್ಲಿ, ಬೀರುವಿನ ಬೀಗದ ಕೈ ರಜೆಯ ಮೇಲೆ ಹೋದವರ ಹತ್ತಿರ. ವನಜಾಕ್ಷಿ ಮೇಡಂ ತಲೆ ಕೆಡಿಸಿಕೊಳ್ಳುವ ಪೈಕಿಯವರಲ್ಲ. "ಹೊಸ ಬೀಕರ್ ಬಂದಿವೆಯಲ್ಲ ತಿಮ್ಮರಾಜು, ಅದರಲ್ಲೇ ಬಗ್ಗಿಸು," ಎಂದರು. ಲ್ಯಾಬಿನಲ್ಲಿ ಬೀಕರಿನಲ್ಲೇ ಟೀ ಕುಡಿದು ಅಭ್ಯಾಸವಾದವರಿಗೆ ಇದೇನು ದೊಡ್ಡದು? ಮಧುಶ್ರೀ ಕೊಚ್ಚಿದಳು, ತಿಮ್ಮರಾಜು ಬಗ್ಗಿಸಿದ, ದೊಡ್ಡವರೆಲ್ಲ ಗಾಜಿನ ಬೀಕರ್ ಹಿಡಿದು ಎಳನೀರು ಹೀರಿದರು. ಸೂರ್ಯಪ್ರಕಾಶ್ ಅರ್ಧ ಕುಡಿದು, ಉಳಿದದ್ದನ್ನು ಆಮೇಲೆ ಕುಡಿಯುತ್ತೇನೆಂದು ಮೇಜಿನ ಮೂಲೆಗಿಟ್ಟರು.

ಗಂಟೆ ಹೊಡೆಯಿತು. ಮಧುಶ್ರೀ ಸೋಪು ಹಚ್ಚಿ ಕೈ ತೊಳೆದು ಒಳಗೆ ಬರುವಷ್ಟರಲ್ಲಿ ಜೂನಿಯರ್ ಮಕ್ಕಳೆಲ್ಲ ಪೊಟ್ಟಣ ಬಿಚ್ಚಿ ಬರ್ನರ್ ಹಚ್ಚಿಯಾಗಿತ್ತು. ಅವಳ ಮೇಜಿನ ಮೇಲೆ ಟೆಸ್ಟ್ ಟ್ಯೂಬುಗಳಿದ್ದವು, ಬೀಕರ್ ಮಾತ್ರ ಇರಲಿಲ್ಲ. ಪಕ್ಕದ ಮೇಜಿನ ಸೌಂದರ್ಯ, "ಅಕ್ಕ, ಸಿಂಕ್ ಹತ್ರ ಇದಾವೆ ನೋಡಿ," ಎಂದಳು. ಹೋಗಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಗಾಜು ಫಳಫಳ ಹೊಳೆಯುತ್ತಿತ್ತು. ತಳದಲ್ಲಿ ಒಂದಿಷ್ಟು ಉಳಿದಿತ್ತು, ತೊಳೆದ ನೀರಿರಬೇಕು. ತಂದಿಟ್ಟುಕೊಂಡು ಅದರ ಮೇಲೆಯೇ ಡಿಸ್ಟಿಲ್ಡ್ ವಾಟರ್ ಹಾಕಿ, ಪೊಟ್ಟಣದ ಉಪ್ಪನ್ನು ಕದಡಿದಳು.

ಲೋಹ ಸುಲಭವಾಗಿಯೇ ಸಿಕ್ಕಿತು, ಸತು, ಅಂದರೆ ಜಿಂಕ್. ಎರಡು ಸಲ ಮಾಡಿದರೂ ಸತುವೇ. ಕಷ್ಟ ಶುರುವಾದದ್ದು ಅದರ ಜೊತೆಗಾರನನ್ನು ಹುಡುಕುವಾಗ. ಒಣ ಉಪ್ಪಿಗೆ ಗಂಧಕಾಮ್ಲ ಹಾಕಿ ಬಿಸಿಮಾಡಿದರೆ ಘಾಟು ಹೊಗೆಯೇನೋ ಬಂತು. ಬಣ್ಣವಿಲ್ಲದ ಹೊಗೆಯಾದರೆ ಕ್ಲೋರೈಡ್, ಕಂದಾಗಿದ್ದರೆ ನೈಟ್ರೇಟ್ ಎಂದು ಪಾಠ. ಇದು ಕಂದೋ ಅಲ್ಲವೋ ಅವಳಿಗೆ ತೀರ್ಮಾನವಾಗಲಿಲ್ಲ. ಬಾಗಿಲ ಕಡೆ ಹಿಡಿದರೆ ಬೆಳ್ಳಗೆ ಕಾಣುತ್ತಿತ್ತು, ಗೋಡೆಯ ಕಡೆ ಹಿಡಿದರೆ ಚೂರು ಕಂದೆನಿಸುತ್ತಿತ್ತು. ಗ್ಯಾಸ್ ಬೇರೆ ಕಡಿಮೆಯಾಗಿ ಬರ್ನರ್ ಮಿಣಕ್ ಮಿಣಕ್ ಎನ್ನುತ್ತಿತ್ತು. ಮೂರು ವರ್ಷ ರಸಾಯನಶಾಸ್ತ್ರ ಓದಿದ ಮೇಲೂ ಒಂದು ಹೊಗೆಯ ಬಣ್ಣ ಹೇಳಲಾಗುವುದಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅದೇ ಹೊತ್ತಿಗೆ ತಿಮ್ಮರಾಜು ನೀರಿನ ಬಾಟಲಿ ಹಿಡಿದು ಬಂದ.

"ನೈಟ್ರೇಟು," ಎಂದ ತುಟಿ ಅಲುಗಿಸದೆ.

"ಬ್ಯಾಡ ಕಣಣ್ಣ, ಹೇಳ್ಬ್ಯಾಡ."

"ಈ ಸಲ ಗ್ಯಾರಂಟಿ ಕಣವ್ವ. ನಾನೇ ಕಟ್ಟಿರದು, ನಾನೇ ನಂಬರ್ ಹಾಕಿರದು."

"ಹೋದ ಸಲಾನೂ ನೀನೇ ಕಟ್ಟಿದ್ದು."

ತಿಮ್ಮರಾಜುವಿನ ಮುಖ ಸಣ್ಣಗಾಯಿತು. ಏನೋ ಹೇಳಲು ಬಾಯಿ ತೆರೆದು, ಸೂರ್ಯಪ್ರಕಾಶ್ ಇತ್ತ ತಿರುಗಿದ್ದನ್ನು ಕಂಡು ಬಾಟಲಿ ಇಟ್ಟು ಹೊರಟುಹೋದ. ಮಧುಶ್ರೀಗೆ ಕೆಡುಕೆನಿಸಿತು. ಆದರೆ ಕೆಡುಕೆನಿಸಿದ್ದಕ್ಕೆಲ್ಲ ಉತ್ತರ ಬರೆಯಲಾಗುತ್ತದೆಯೇ?

ಅವಳು ಕಂದು ಬಣ್ಣದ ಸೀಸೆಯಿಂದ ಬೆಳ್ಳಿಯ ದ್ರಾವಣ ತೆಗೆದುಕೊಂಡಳು. ಅದನ್ನು ಹುಡುಗರು ಬರೀ 'ಸಿಲ್ವರ್' ಎನ್ನುತ್ತಾರೆ. ಕ್ಲೋರೈಡ್ ಇದ್ದರೆ ಸಿಲ್ವರ್ ಸುಳ್ಳು ಹೇಳುವುದಿಲ್ಲ, ತಿಳಿ ದ್ರಾವಣ ಬೆಳ್ಳಗೆ ಒಡೆಯುತ್ತದೆ ಎಂದು ವನಜಾಕ್ಷಿ ಮೇಡಂ ಪಾಠದಲ್ಲಿ ಸಾರಿ ಸಾರಿ ಹೇಳಿದ್ದರು. ಬೀಕರಿನ ದ್ರಾವಣವನ್ನು ಟ್ಯೂಬಿಗೆ ಬಗ್ಗಿಸಿ, ಚೂರು ಆಸಿಡ್ ಸೇರಿಸಿ, ಸಿಲ್ವರಿನ ಹನಿಗಳನ್ನು ಬಿಟ್ಟಳು. ಬಿದ್ದ ಹನಿ ಬಿದ್ದಲ್ಲೇ ಒಡೆದ ಹಾಲಿನಂತೆ ಗಡ್ಡೆಗಡ್ಡೆಯಾಗಿ ಬೆಳ್ಳಗೆ ಇಳಿಯಿತು. ಅಮೋನಿಯಾ ಹಾಕಿದಳು, ಆ ಬಿಳುಪೆಲ್ಲ ಕರಗಿ ಮತ್ತೆ ತಿಳಿಯಾಯಿತು. ಪುಸ್ತಕದಲ್ಲಿ ಬರೆದಿಟ್ಟಂತೆ, ಒಂದಕ್ಷರ ಆಚೆಈಚೆ ಇಲ್ಲದೆ, ಕ್ಲೋರೈಡ್.

ಮಧುಶ್ರೀಗೆ ಕುಣಿಯುವಷ್ಟು ಖುಷಿಯಾಯಿತು. ತಿಮ್ಮರಾಜು ಈ ಸಲವೂ ಎಡವಿದ್ದಾನೆ, ತಾನು ಮಾತ್ರ ಎಡವಿಲ್ಲ. ಉತ್ತರ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಕ್ಲೋರೈಡ್ ಎಂದು ಬರೆದು ಅಡಿಗೆರೆ ಹಾಕಿದಳು. ಖಚಿತವಾದ ಮೇಲೆ ಬೇರೆ ಪರೀಕ್ಷೆ ಯಾಕೆ ಎಂದು ಉಳಿದದ್ದನ್ನು ಮಾಡಲೂ ಹೋಗಲಿಲ್ಲ.

ವೈವಾಕ್ಕೆ ಅವಳ ಸರದಿ ಕೊನೆಗೆ ಬಂತು. ಅಷ್ಟು ಹೊತ್ತಿಗೆ ಜೂನಿಯರ್ ಮಕ್ಕಳೆಲ್ಲ ಹೋಗಿ, ಲ್ಯಾಬಿನಲ್ಲಿ ಆಸಿಡ್ಡಿನ ಘಾಟು, ಪರೀಕ್ಷಕರು, ವನಜಾಕ್ಷಿ ಮೇಡಂ, ನೆಲ ಗುಡಿಸುತ್ತಿದ್ದ ತಿಮ್ಮರಾಜು ಮಾತ್ರ ಉಳಿದಿದ್ದರು. ಸೂರ್ಯಪ್ರಕಾಶ್ ಅವಳ ಪತ್ರಿಕೆ ನೋಡಿದರು, ತಮ್ಮ ಕೈಯಲ್ಲಿದ್ದ ಚೀಟಿ ನೋಡಿದರು, ಮತ್ತೆ ಪತ್ರಿಕೆ ನೋಡಿದರು.

"ಜಿಂಕ್ ಸರಿ. ಇನ್ನೊಂದು ಕ್ಲೋರೈಡ್ ಅಂತೀಯಾ?"

"ಹೂಂ ಸಾರ್."

"ಗ್ಯಾರಂಟಿನಾ?"

"ಕಣ್ಣಾರೆ ನೋಡಿದೀನಿ ಸಾರ್. ಬೆಳ್ಳಗೆ ಗಡ್ಡೆ ಕಟ್ತು. ಅಮೋನಿಯಾದಲ್ಲಿ ಕರಗ್ತು."

ವನಜಾಕ್ಷಿ ಮೇಡಂ ಹಣೆ ಒತ್ತಿಕೊಂಡರು. ತಿಮ್ಮರಾಜುವಿನ ಪೊರಕೆ ನಿಂತಿತು. ಸೂರ್ಯಪ್ರಕಾಶ್ ಒಳ್ಳೆಯ ಮನುಷ್ಯ, ಗದರಲಿಲ್ಲ. "ಹೌದಾ? ಹಾಗಾದ್ರೆ ನನ್ನ ಮುಂದೆ ಒಂದು ಸಲ ಮಾಡಿ ತೋರಿಸು," ಎಂದರು.

ಅವಳು ಅಲ್ಲೇ, ಅವರ ಮೇಜಿನ ಮುಂದೆಯೇ ನಿಂತಳು. ಹೊಸ ಟ್ಯೂಬು ತೆಗೆದುಕೊಂಡು, ಪೊಟ್ಟಣದಲ್ಲಿ ಉಳಿದಿದ್ದ ಉಪ್ಪು ಚಿಟಿಕೆ ಹಾಕಿ, ಡಿಸ್ಟಿಲ್ಡ್ ವಾಟರಿನಲ್ಲಿ ಕದಡಿ, ಆಸಿಡ್ ಸೇರಿಸಿ, ಸಿಲ್ವರ್ ಬಿಟ್ಟಳು. ಏನೂ ಆಗಲಿಲ್ಲ. ಇನ್ನೊಂದಿಷ್ಟು ಬಿಟ್ಟಳು. ಆಗಲೂ ಟ್ಯೂಬಿನಾಚೆಯ ಗೋಡೆ ತಿಳಿಯಾಗಿ ಕಾಣುತ್ತಿತ್ತು.

"ಬಂದಿತ್ತು ಸಾರ್," ಎಂದಳು. ಆ ಮಾತು ಅವಳಿಗೇ ಸುಳ್ಳಿನಂತೆ ಕೇಳಿಸಿತು. ತನ್ನ ಮೇಜಿಗೆ ಹೋಗಿ ಬೀಕರಿನಲ್ಲಿ ಉಳಿದಿದ್ದ ದ್ರಾವಣ ತಂದಳು. ಅದಕ್ಕೆ ಸಿಲ್ವರ್ ಬಿಟ್ಟರೆ ಥಟ್ಟನೆ ಬೆಳ್ಳಗಾಯಿತು. ಎರಡು ಟ್ಯೂಬುಗಳನ್ನೂ ಅಕ್ಕಪಕ್ಕ ಹಿಡಿದಳು. ಒಂದೇ ಪೊಟ್ಟಣದ ಉಪ್ಪು, ಒಂದೇ ಸೀಸೆಯ ಸಿಲ್ವರ್, ಹಾಕಿದ್ದು ಒಂದೇ ಕೈ. ಒಂದು ಹೌದು ಅನ್ನುತ್ತಿದೆ, ಒಂದು ಇಲ್ಲ ಅನ್ನುತ್ತಿದೆ. ಯಾವುದನ್ನು ನಂಬುವುದು? ಬೇರೆಯವರ ಮಾತು ಬೇಡವೆಂದು ಕಣ್ಣನ್ನು ನಂಬಿದರೆ ಕಣ್ಣೂ ಎರಡು ಥರ ಹೇಳಿದರೆ ಮನುಷ್ಯ ಎಲ್ಲಿಗೆ ಹೋಗಬೇಕು? ಅವಳಿಗೆ ಅಳು ಬಂತು.

"ನಲ್ಲಿ ನೀರೇನಾದ್ರೂ ಹಾಕಿದ್ಯೇನೇ? ಅದ್ರಲ್ಲಿ ಕ್ಲೋರೈಡ್ ಇರುತ್ತೆ," ಎಂದರು ವನಜಾಕ್ಷಿ ಮೇಡಂ.

"ಇಲ್ಲ ಮೇಡಂ. ದೇವ್ರಾಣೆ ಇಲ್ಲ. ಬಾಟಲಿ ನೀರೇ ಹಾಕಿದ್ದು."

ಸೂರ್ಯಪ್ರಕಾಶರಿಗೂ ಈಗ ಗೊಂದಲವಾಗಿತ್ತು. ಅವರು ಬೀಕರನ್ನು ಇಸಿದುಕೊಂಡು ಎತ್ತಿ ನೋಡಿ, ತಿರುಗಿಸಿ ನೋಡಿ, ಮೇಜಿನ ಮೇಲಿಟ್ಟರು. ಇಟ್ಟದ್ದು ಬೆಳಿಗ್ಗೆ ತಾವು ಅರ್ಧ ಕುಡಿದಿಟ್ಟ ಎಳನೀರಿನ ಪಕ್ಕಕ್ಕೆ. ಅದೇ ಅಳತೆಯ, ಅದೇ ಹೊಸ ಗಾಜಿನ ಬೀಕರ್. ಒಂದರಲ್ಲಿ ಉಪ್ಪಿನ ನೀರು, ಇನ್ನೊಂದರಲ್ಲಿ ಎಳನೀರು. ನೋಡುವ ಕಣ್ಣಿಗೆ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ.

ಮಧುಶ್ರೀ ಎರಡನ್ನೂ ನೋಡುತ್ತ ನಿಂತಳು. ಆಮೇಲೆ ಯಾರ ಅಪ್ಪಣೆಯನ್ನೂ ಕೇಳದೆ ಡ್ರಾಪರ್ ಎತ್ತಿ ಪರೀಕ್ಷಕರ ಎಳನೀರಿಗೇ ಸಿಲ್ವರ್ ಬಿಟ್ಟುಬಿಟ್ಟಳು.

ಬೆಳ್ಳಗೆ, ಗಡ್ಡೆಗಡ್ಡೆಯಾಗಿ ಒಡೆಯಿತು.

ಸೂರ್ಯಪ್ರಕಾಶರ ಕೈ ತಾನಾಗಿ ಅವರ ಹೊಟ್ಟೆಯ ಮೇಲೆ ಹೋಯಿತು. ತಿಮ್ಮರಾಜು ಪೊರಕೆ ಬಿಸಾಕಿ ಹಣೆ ಬಡಿದುಕೊಂಡ.

"ಅಯ್ಯೋ ನನ್ ಮನೆ ಕಾಯ್ವಾಗ! ಕುಡ್ದಿದ್ ಬೀಕರ್‌ನ ತೊಳೀದಂಗೆ ಸಿಂಕ್ ತಾವ ಇಟ್ಬುಟ್ಟೆ ಕಣವ್ವ. ತೊಳ್ಯಾನ ಅಂತಿದ್ದೆ, ಅಷ್ಟೊತ್ಗೆ ಗಂಟೆ ಹೊಡೀತು."

"ನಿನ್ ತಪ್ಪಲ್ಲ ಕಣಣ್ಣ," ಎಂದಳು ಮಧುಶ್ರೀ. "ತೊಳ್ಕಬೇಕಾದೋಳು ನಾನು. ತಳದಾಗೆ ನೀರೈತೆ ಅಂದ್ಕಂಡೆ."

ಎಳನೀರಿನಲ್ಲಿ ಕ್ಲೋರೈಡ್ ಇರುತ್ತದೆಂದು ಪಾಠದಲ್ಲಿ ಯಾರೂ ಹೇಳಿರಲಿಲ್ಲ. ಹುಟ್ಟಿದಾಗಿನಿಂದ ಕುಡಿದ ಎಳನೀರು ತನ್ನ ಪರೀಕ್ಷೆಗೇ ಕಲ್ಲು ಹಾಕುತ್ತದೆಂದು ಅವಳೂ ಕನಸಿನಲ್ಲಿ ಎಣಿಸಿರಲಿಲ್ಲ. ನಾಚಿಕೆಯೂ ಆಯಿತು. ಅಷ್ಟು ನಾಚಿಕೆಯಲ್ಲೂ ತನ್ನ ಕಣ್ಣು ಸುಳ್ಳು ಹೇಳಿರಲಿಲ್ಲ ಎಂಬ ಒಂದು ಸಮಾಧಾನ ಒಳಗೊಳಗೇ ಇತ್ತು.

ವನಜಾಕ್ಷಿ ಮೇಡಂ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಸೂರ್ಯಪ್ರಕಾಶರೂ ಸಣ್ಣಗೆ ನಕ್ಕರು. ನಕ್ಕು, ಪತ್ರಿಕೆಯನ್ನು ಅವಳ ಕಡೆ ತಳ್ಳಿ, ಅದರ ಮೇಲೆ ತಮ್ಮ ಪೆನ್ನನ್ನೂ ಇಟ್ಟರು.

"ಟೈಮ್ ಮುಗಿದಿದೆ, ಆದ್ರೂ ಪರವಾಗಿಲ್ಲ. ಅದನ್ನ ಹೊಡೆದುಹಾಕಿ ಸರಿಯಾದದ್ದು ಬರೆದುಬಿಡಮ್ಮ. ನಾನು ಅರಸೀಕೆರೆ ಬಸ್ಸು ಹಿಡೀಬೇಕು."

ಮಧುಶ್ರೀ ಪೆನ್ನು ಎತ್ತಿಕೊಂಡಳು. ಕ್ಲೋರೈಡ್ ಎಂಬ ಮಾತಿನ ಮೇಲೆ ಗೆರೆ ಎಳೆದಳು. ಅಲ್ಲಿಗೆ ಕೈ ನಿಂತಿತು.

"ಬರಿಯೇ," ಎಂದರು ಮೇಡಂ. ಅವರ ಹಿಂದೆ ತಿಮ್ಮರಾಜು ಈಗ ಕದ್ದುಮುಚ್ಚಿ ಅಲ್ಲ, ರಾಜಾರೋಷವಾಗಿ ತುಟಿಯಾಡಿಸುತ್ತಿದ್ದ. ನೈಟ್ರೇಟು, ನೈಟ್ರೇಟು. ಅದು ನೈಟ್ರೇಟ್ ಎಂದು ಆ ಕೋಣೆಯಲ್ಲಿದ್ದ ಉಳಿದ ಮೂವರಿಗೂ ಗೊತ್ತಿತ್ತು. ಬರೆದರೆ ಈ ಕ್ಷಣಕ್ಕೆ ಎಲ್ಲ ಮುಗಿಯುತ್ತದೆ, ಇನ್ನೊಬ್ಬರ ಬಾಯಿಂದ ಬಂದ ಉತ್ತರವೆಂದು ಯಾರೂ ಆಡಿಕೊಳ್ಳುವುದಿಲ್ಲ. ಬರೆಯದಿದ್ದರೆ ಕಾರ್ಖಾನೆಯ ಆ ಮೇಲಿನ ಮಹಡಿ ಕೈತಪ್ಪುತ್ತದೆ. ಮಧುಶ್ರೀಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಆದರೂ ಬೆರಳು ಮುಂದೆ ಹೋಗಲಿಲ್ಲ. ಇದು ಹಟವೋ ಹೆದರಿಕೆಯೋ ಪೆದ್ದುತನವೋ ಅವಳಿಗೇ ಬಗೆಹರಿಯಲಿಲ್ಲ.

"ಸಾರ್, ಇದೇನು ಅಂತ ನಾನಿನ್ನೂ ನೋಡಿಲ್ಲ," ಎಂದಳು. "ಒಂದೇ ಒಂದ್ ಟೆಸ್ಟ್ ಮಾಡಿ ಬರೀತೀನಿ."

"ಬಸ್ಸು ಹೋಗುತ್ತಮ್ಮ."

"ಬ್ಯಾಗ ಮಾಡ್ತೀನಿ ಸಾರ್."

ಸೂರ್ಯಪ್ರಕಾಶ್ ಗಡಿಯಾರ ನೋಡಿಕೊಂಡರು. ಮುಖದ ನಗು ಹೋಗಿತ್ತು. "ಹಟಮಾರಿ," ಎಂದು ಮೇಡಂ ಪಿಸುದನಿಯಲ್ಲಿ ಬೈದರು. ಹೂಂ ಎಂದೂ ಅನ್ನದೆ ಬೇಡವೆಂದೂ ಅನ್ನದೆ ಪರೀಕ್ಷಕರು ಎದ್ದು ತಮ್ಮ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡರು.

ಮಧುಶ್ರೀ ಟ್ಯೂಬನ್ನು ಡಿಸ್ಟಿಲ್ಡ್ ವಾಟರಿನಿಂದ ತೊಳೆದಳು. ಮತ್ತೆ ತೊಳೆದಳು. ಪೊಟ್ಟಣವನ್ನು ಕೊಡವಿ ಕೊನೆಯ ಹರಳುಗಳನ್ನು ನೀರಿನಲ್ಲಿ ಕರಗಿಸಿದಳು. ಫೆರಸ್ ಸಲ್ಫೇಟನ್ನು ಆಗಿಂದಾಗಲೇ ಕದಡಿ ಸೇರಿಸಿದಳು. ಟ್ಯೂಬನ್ನು ಓರೆಯಾಗಿ ಹಿಡಿದು, ಗಾಜಿನ ಒಳಮೈಗುಂಟ ಗಂಧಕಾಮ್ಲವನ್ನು ಮೆಲ್ಲಗೆ ಇಳಿಬಿಟ್ಟಳು. ಭಾರದ ಆಸಿಡ್ ತಳಕ್ಕೆ ಹೋಗಿ ಕೂತಿತು, ನೀರು ಮೇಲೆ ನಿಂತಿತು. ನೈಟ್ರೇಟ್ ಇದ್ದರೆ ಇವೆರಡೂ ಕೂಡುವಲ್ಲಿ ಕಂದು ಬಣ್ಣದ ಉಂಗುರ ಬರಬೇಕು. ಕೈ ಅಲುಗಿದರೆ ಎರಡೂ ಬೆರೆತು ಉಂಗುರ ಒಡೆದುಹೋಗುತ್ತದೆ, ಮತ್ತೆ ಮಾಡೋಣವೆಂದರೆ ಪೊಟ್ಟಣದಲ್ಲಿ ಉಪ್ಪಿಲ್ಲ.

ಏನೂ ಕಾಣಲಿಲ್ಲ. ಮಧುಶ್ರೀ ನೋಡುತ್ತಲೇ ಇದ್ದಳು. ಮಚ್ಚು ಬೀಸಿ ಪಳಗಿದ ಕೈ ಅವಳದು, ಇಷ್ಟು ಹಗುರದ ಗಾಜನ್ನು ಅಲ್ಲಾಡದಂತೆ ಹಿಡಿಯುವುದು ಈಗ ಕಷ್ಟವಾಗುತ್ತಿತ್ತು. ಇದೆಯೆನಿಸಿತು, ಕಣ್ಣು ಮಿಟುಕಿಸಿದರೆ ಇಲ್ಲವೆನಿಸಿತು. ಆಮೇಲೆ ಆ ಗಡಿಯಲ್ಲಿ ನೂಲಿನಷ್ಟು ತೆಳ್ಳಗೆ, ಕಂದಾಗಿ ಏನೋ ಒಂದು ಬಳಸಿಕೊಳ್ಳತೊಡಗಿತು.

"ಸಾರ್," ಎಂದಳು. ಟ್ಯೂಬನ್ನು ಅಲುಗಿಸದೆ ಹಿಡಿದೇ ಇದ್ದಳು. "ನಿಮಗೂ ಕಾಣ್ತೈತಾ?"

ಬಾಗಿಲ ಹತ್ತಿರ ಹೋಗಿದ್ದ ಸೂರ್ಯಪ್ರಕಾಶ್ ತಿರುಗಿ ನಿಂತರು. ಹೆಗಲಿನ ಬ್ಯಾಗನ್ನು ಇಳಿಸಿ ಮೇಜಿನ ಮೇಲಿಟ್ಟರು. ಕನ್ನಡಕವನ್ನು ಹಣೆಗೇರಿಸಿಕೊಂಡು, ಬಗ್ಗಿ, ಅವಳು ಹಿಡಿದಿದ್ದ ಟ್ಯೂಬಿನ ಹತ್ತಿರ ಮುಖ ತಂದರು.